ಮುಟ್ಟಿನ ತಾರೀಖು ಕೇಳಿದ ಕ್ಲಿನಿಕ್: ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ನರರೋಗ ಕ್ಲಿನಿಕ್ ಬಗ್ಗೆ

ನನಗೆ ಒಂಬತ್ತು ವರ್ಷದಿಂದ ಫಿಟ್ಸ್ ಇದೆ. ಇಷ್ಟು ವರ್ಷದಲ್ಲಿ ನಾಲ್ಕು ಕಡೆ ತೋರಿಸಿದ್ದೇನೆ. ನಿದ್ದೆ ಸರಿಯಾಗಿ ಮಾಡ್ತೀರಾ, ಮಾತ್ರೆ ತಪ್ಪಿಸಿದಿರಾ, ಟೆನ್ಷನ್ ಇದೆಯಾ, ಮನೆತನದಲ್ಲಿ ಯಾರಿಗಾದರೂ ಇತ್ತಾ, ಎಲ್ಲ ಕೇಳಿದರು. ಮುಟ್ಟಿನ ತಾರೀಖು ಮಾತ್ರ ಯಾರೂ ಕೇಳಲಿಲ್ಲ. ಪಿ.ಜೆ. ಬಡಾವಣೆಯ ಈ ಕ್ಲಿನಿಕ್‌ನಲ್ಲಿ ಅದನ್ನೇ ಮೊದಲು ಕೇಳಿದರು. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಕ್ಲಿನಿಕ್ ಹೆಸರು ಹಾಕುವುದಿಲ್ಲ. ಹಾಕಬೇಡಿ ಅಂತ ಡಾಕ್ಟರ್ ಮೇಡಂ ಅವರೇ ಹೇಳಿದ್ದಾರೆ.

ನಾನು ನಿಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಈಗ 36 ವರ್ಷ. ಮೊದಲ ಸಲ ಫಿಟ್ಸ್ ಬಂದದ್ದು ಮಿಷನ್ ಮುಂದೆಯೇ. ಮದುವೆ ಸೀಸನ್. ಲೈನಿಂಗ್ ಕೂಡಿಸುತ್ತಿದ್ದೆ. ಹೊಟ್ಟೆಯಿಂದ ಏನೋ ಮೇಲಕ್ಕೆ ಎದ್ದು ಬಂದ ಹಾಗಾಯಿತು, ಬಾಯಲ್ಲಿ ಕಬ್ಬಿಣದ ರುಚಿ. ಆಮೇಲೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಎಡಗೈ ತೋರುಬೆರಳ ಉಗುರಿನಲ್ಲಿ ಸೂಜಿ ಮುರಿದು ಕೂತಿತ್ತು. ಆ ಉಗುರು ಇವತ್ತಿಗೂ ಎರಡು ಸೀಳಾಗಿಯೇ ಬೆಳೆಯುತ್ತದೆ. ಅತ್ತೆ ನನ್ನ ಬಲಗೈಯಲ್ಲಿ ಬೀರುವಿನ ಬೀಗದ ಕೈ ಹಿಡಿಸಿ, ಅದು ಬೀಳದ ಹಾಗೆ ತಮ್ಮ ಎರಡೂ ಕೈ ಸುತ್ತಿಕೊಂಡು ಅಳುತ್ತಾ ಕೂತಿದ್ದರು. ಅವತ್ತು ನನಗೆ ಮುಟ್ಟಿನ ಮೊದಲ ದಿನ. ಆ ಎರಡನ್ನೂ ಜೋಡಿಸಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಆಮೇಲೆ ನನಗೆ ಅನುಮಾನ ಬಂದು ಒಂದು ಕಡೆ ಬಾಯಿಬಿಟ್ಟು ಹೇಳಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಮಾತ್ರೆ ಸರಿಯಾಗಿ ತಗೋ" ಅಂದರು. ಆ ಮಾತು ನಾಲ್ಕು ವರ್ಷ ನನ್ನ ಬಾಯಿ ಮುಚ್ಚಿಸಿತು.

ಈಗ ಕ್ಲಿನಿಕ್ ವಿಷಯ. ಮೊದಲ ಮಹಡಿ, ಕೆಳಗೆ ಕನ್ನಡಕದ ಅಂಗಡಿ. ಮೆಟ್ಟಿಲು ಕಡಿದು, ಒಂದು ಕಡೆ ಮಾತ್ರ ಕಂಬಿ. ಫಿಟ್ಸ್ ಇರುವವರು, ಲಕ್ವ ಹೊಡೆದವರು ಹತ್ತುವ ಮೆಟ್ಟಿಲು ಇದು, ಎರಡೂ ಕಡೆ ಕಂಬಿ ಬೇಕೇ ಬೇಕು. ಮೇಡಂಗೂ ಹೇಳಿದ್ದೇನೆ. ಮನೆ ಮಾಲೀಕರು ಒಪ್ಪುತ್ತಿಲ್ಲ ಅಂದರು. ಟೋಕನ್ ಬೆಳಿಗ್ಗೆ ಒಂಬತ್ತಕ್ಕೆ. ನನಗೆ ಹದಿನಾಲ್ಕನೇ ನಂಬರ್ ಸಿಕ್ಕಿತ್ತು, ಒಳಗೆ ಹೋದಾಗ ಒಂದೂವರೆ. ನೀರಿನ ಕ್ಯಾನ್ ಇದೆ, ಲೇಡೀಸ್ ಟಾಯ್ಲೆಟ್ ಶುಚಿಯಾಗಿದೆ, ಒಳಗೆ ಚಿಲಕ ಸರಿಯಿದೆ. ಫೀಸು 500 ರೂಪಾಯಿ. ಹದಿನೈದು ದಿನದೊಳಗೆ ಮತ್ತೆ ಹೋದರೆ ದುಡ್ಡು ಕೇಳುವುದಿಲ್ಲ.

ಕಾಯುತ್ತಾ ಕೂತಾಗಲೇ ಈ ಜಾಗದ ಬಗ್ಗೆ ನನಗೆ ನಂಬಿಕೆ ಬಂತು. ಜಗಳೂರು ಕಡೆಯ ಒಬ್ಬ ಹುಡುಗ, ಹದಿಮೂರು ಹದಿನಾಲ್ಕು ಇರಬೇಕು, ಬೆಂಚಿನ ಮೇಲಿಂದ ಹಾಗೇ ಜಾರಿಬಿಟ್ಟ. ಕೈಕಾಲು ಸೆಟೆದುಕೊಂಡವು. ಕೌಂಟರ್‌ನಲ್ಲಿದ್ದ ಹುಡುಗಿ ಓಡಲಿಲ್ಲ, ಕೂಗಲಿಲ್ಲ. ಬಂದು ಬೆಂಚು ಪಕ್ಕಕ್ಕೆ ಎಳೆದಳು. ಅವನ ತಲೆ ಕೆಳಗೆ ತನ್ನ ದುಪಟ್ಟ ಮಡಚಿ ಇಟ್ಟಳು. ಗೋಡೆ ಗಡಿಯಾರ ನೋಡಿದಳು. ಒಬ್ಬ ಅಜ್ಜ ಗಾಡಿ ಕೀಲಿ ತೆಗೆದುಕೊಂಡು ಬಂದರು. "ಬೇಡ ಅಜ್ಜಾರೆ, ಕಬ್ಬಿಣದಿಂದ ಏನೂ ಆಗಲ್ಲ. ಅದು ತಾನಾಗೇ ನಿಲ್ಲುತ್ತೆ. ನೀವು ಆ ಕಿಟಕಿ ತೆಗೀರಿ ಸಾಕು" ಅಂದಳು. ಅಜ್ಜನಿಗೂ ಒಂದು ಕೆಲಸ ಸಿಕ್ಕಿತು. ಬಾಯಿಗೆ ಚಮಚ ಇಡಲು ಬಂದವರನ್ನೂ ತಡೆದಳು. ನಡುಕ ಕಡಿಮೆಯಾಗುತ್ತಿದ್ದ ಹಾಗೆ ಹುಡುಗನನ್ನು ಎಡಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹರಿಯುವ ಹಾಗೆ ಮಾಡಿದಳು. ಎರಡು ನಿಮಿಷದೊಳಗೆ ನಿಂತಿತು. ಅವನ ಪ್ಯಾಂಟ್ ಒದ್ದೆಯಾಗಿತ್ತು. ಯಾರ ಕಣ್ಣಿಗೂ ಬೀಳದ ಹಾಗೆ ಅದರ ಮೇಲೆ ಒಂದು ಟವೆಲ್ ಹಾಕಿದಳು. ಐದು ನಿಮಿಷ ದಾಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಅಂತ ಅವರ ಅಮ್ಮನಿಗೆ ಮೆಲ್ಲಗೆ ಹೇಳಿದಳು. ಒಂಬತ್ತು ವರ್ಷದಲ್ಲಿ ನನಗೆ ಯಾರೂ ಹಾಗೆ ಟವೆಲ್ ಹಾಕಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಒಳಗೆ ಹೋದೆ. ಮೇಡಂ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡರು. "ಕೊನೆಯ ಫಿಟ್ಸ್ ಯಾವತ್ತು?" ಹೇಳಿದೆ. "ಕೊನೆಯ ಮುಟ್ಟು ಯಾವತ್ತು?" ಅದನ್ನೂ ಹೇಳಿದೆ. ಒಂದೇ ದಿನ. ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು. "ಅದರ ಹಿಂದಿನದು?" ಅದು ನೆನಪಿರಲಿಲ್ಲ. ಯಾರು ನೆನಪಿಟ್ಟಿರುತ್ತಾರೆ, ಅಲ್ವಾ? ಡ್ರಾಯರ್‌ನಿಂದ ಒಂದು ಗೋಡೆ ಕ್ಯಾಲೆಂಡರ್ ತೆಗೆದು ಕೊಟ್ಟರು. ಯಾವುದೋ ಬಟ್ಟೆ ಅಂಗಡಿಯದು, ದೊಡ್ಡ ದೊಡ್ಡ ಮನೆ ಇರುವಂಥದ್ದು. ಮುಟ್ಟಿನ ದಿನ ಕೆಂಪು ಗೆರೆ, ಫಿಟ್ಸ್ ಬಂದ ದಿನ ನೀಲಿ ಚುಕ್ಕೆ, ನಿದ್ದೆಗೆಟ್ಟ ರಾತ್ರಿ ಒಂದು ಅಡ್ಡಗೆರೆ. "ಮೂರು ತಿಂಗಳು ಬರಕೊಂಡು ಬನ್ನಿ. ಅಲ್ಲಿವರೆಗೆ ಈಗಿನ ಮಾತ್ರೆ ಒಂದೂ ಬಿಡಬೇಡಿ." ಅಷ್ಟೇ. ಹೊಸ ಮಾತ್ರೆ ಬರೆಯಲಿಲ್ಲ. ಹೊರಗೆ ಬಂದ ನಮ್ಮ ಯಜಮಾನರಿಗೆ ಸಮಾಧಾನ ಆಗಲಿಲ್ಲ. ಐನೂರು ರೂಪಾಯಿಗೆ ಒಂದು ಕ್ಯಾಲೆಂಡರ್ ಅಂತ ಗೊಣಗಿದರು.

ಮೂರು ತಿಂಗಳಲ್ಲಿ ಏಳು ನೀಲಿ ಚುಕ್ಕೆ ಬಿದ್ದವು. ಅದರಲ್ಲಿ ಐದು, ಮುಟ್ಟಿನ ಹಿಂದಿನ ಮೂರು ದಿನ ಮತ್ತು ಮುಟ್ಟಿನ ಮೊದಲ ಮೂರು ದಿನದೊಳಗೆ. ಇಪ್ಪತ್ತೆಂಟು ದಿನದಲ್ಲಿ ಆರು ದಿನ ಅದು. ಹೇಗೆಂದರೆ ಹಾಗೆ ಬರುವುದಾದರೆ ಏಳರಲ್ಲಿ ಒಂದೋ ಎರಡೋ ಅಲ್ಲಿ ಬೀಳಬೇಕಿತ್ತು. ನಮ್ಮ ಯಜಮಾನರು ಕ್ಯಾಲೆಂಡರ್ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದರು. ಆಮೇಲೆ ಗೊಣಗಲಿಲ್ಲ.

ಎರಡನೇ ಭೇಟಿಯಲ್ಲಿ ಮೇಡಂ ಇಪ್ಪತ್ತು ನಿಮಿಷ ಕೊಟ್ಟರು. ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ಹೇಳಿದರು. ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ. ನನ್ನ ಮಗಳು ಪಿಯುಸಿ ಸೈನ್ಸ್, ಅವಳು ಓದಿ ತಿದ್ದಿದ್ದಾಳೆ.

ಮಿದುಳಿನ ಒಂದು ಜೀವಕೋಶ ಇನ್ನೊಂದನ್ನು ಎಬ್ಬಿಸುವುದಕ್ಕೆ ಬಿಡುವ ಮುಖ್ಯ ವಸ್ತು ಗ್ಲುಟಮೇಟ್. ತಣ್ಣಗಾಗಿಸುವ ವಸ್ತು ಗಾಬಾ. ಎಬ್ಬಿಸುವುದು ಜಾಸ್ತಿಯಾಗಿ, ತಣ್ಣಗಾಗಿಸುವುದು ಸಾಲದೆ, ಸಾವಿರಾರು ಜೀವಕೋಶ ಒಟ್ಟಿಗೇ ಕೂಗಿದರೆ ಅದೇ ಫಿಟ್ಸ್. ಗ್ಲುಟಮೇಟ್ ಬಂದು ಕೂರುವ ಬಾಗಿಲುಗಳಿಗೆ ರಿಸೆಪ್ಟರ್ ಅನ್ನುತ್ತಾರೆ. ಅದರಲ್ಲಿ ಎರಡು ಬಗೆ ನಾನು ನೆನಪಿಟ್ಟುಕೊಂಡಿದ್ದೇನೆ, ಆಂಪಾ ಮತ್ತು ಎನ್‌ಎಂಡಿಎ. ಆಂಪಾ ಬಾಗಿಲು ಗ್ಲುಟಮೇಟ್ ತಾಗಿದ ಕೂಡಲೇ ತೆರೆಯುತ್ತದೆ. ಎನ್‌ಎಂಡಿಎ ಹಾಗಲ್ಲ. ಅದರ ಬಾಯಿಗೆ ಒಂದು ಮೆಗ್ನೀಸಿಯಂ ಕಣ ಬಿರಡೆಯ ಹಾಗೆ ಕೂತಿರುತ್ತದೆ. ಗ್ಲುಟಮೇಟ್ ಬಂದರೂ ಸಾಲದು, ಆಂಪಾ ಬಾಗಿಲು ತೆರೆದು ಆ ಜೀವಕೋಶ ಮೊದಲೇ ಸ್ವಲ್ಪ ಎಚ್ಚರವಾಗಿರಬೇಕು. ಆಗ ಬಿರಡೆ ಹಾರಿ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ.

ಇದು ನನಗೆ ತಕ್ಷಣ ಹಿಡಿಸಿತು. ಕಾಲಲ್ಲಿ ತುಳಿಯುವ ಹಳೇ ಮಿಷನ್ ಹೀಗೇ ಅಲ್ವಾ? ಪೆಡಲ್ ತುಳಿದರೆ ಸಾಲದು. ಕೈಯಲ್ಲಿ ಚಕ್ರ ಒಂದು ಸುತ್ತು ಮುಂದಕ್ಕೆ ತಳ್ಳಬೇಕು. ಎರಡೂ ಕೂಡಿದಾಗಲೇ ಸೂಜಿ ಓಡುವುದು. ಇದನ್ನು ಮೇಡಂಗೆ ಹೇಳಿದೆ. ಬರೆಯುವುದನ್ನು ನಿಲ್ಲಿಸಿ "ಇದನ್ನ ಇನ್ಮೇಲೆ ನಾನೂ ಹೇಳ್ತೀನಿ ರೀ" ಅಂದರು. ಚಕ್ರ ತಳ್ಳುವ ಕೈ ಆಂಪಾ. ತುಳಿಯುವ ಕಾಲು ಗ್ಲುಟಮೇಟ್.

ಇನ್ನು ನಮ್ಮ ಹಾರ್ಮೋನ್. ಈಸ್ಟ್ರೋಜನ್ ಹೆಚ್ಚಾದಾಗ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದಲ್ಲಿ, ಜೀವಕೋಶದ ಕೊಂಬೆಗಳ ಮೇಲೆ ಚಿಕ್ಕ ಮುಳ್ಳಿನಂಥ ಮೊಗ್ಗುಗಳು ಹೆಚ್ಚಾಗುತ್ತವೆ. ಗ್ಲುಟಮೇಟ್ ಸುದ್ದಿ ಬಂದು ಮುಟ್ಟುವ ಜಾಗ ಅವೇ. ಎನ್‌ಎಂಡಿಎ ಬಾಗಿಲುಗಳೂ ಹೆಚ್ಚುತ್ತವೆ, ಅಷ್ಟೇ ಗ್ಲುಟಮೇಟ್‌ಗೆ ಜೀವಕೋಶ ಜೋರಾಗಿ ಏಳುತ್ತದೆ. ಈ ಮೊಗ್ಗುಗಳ ಏರಿಳಿತವನ್ನು ಇಲಿಗಳಲ್ಲಿ ನೋಡಿದವರು ಅಮೆರಿಕದ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಎವೆನ್ ಮತ್ತು ಜೊತೆಯವರು, 1990ರಲ್ಲಿ. ನಮಗೆ ತಿಂಗಳಿಗೊಂದು ಸುತ್ತು ಇರುವ ಹಾಗೆ ಇಲಿಗೆ ನಾಲ್ಕೈದು ದಿನಕ್ಕೆ ಒಂದು ಸುತ್ತು. ಆ ಸುತ್ತಿನೊಳಗೆ, ಒಂದೇ ದಿನದ ಅಂತರದಲ್ಲಿ, ಆ ಮೊಗ್ಗುಗಳು ಸುಮಾರು 30% ಕಡಿಮೆಯಾಗಿದ್ದವು. ನನಗೆ ಇದನ್ನು ಕೇಳಿ ಮೈ ಜುಂ ಅಂದಿತು. ಮಿದುಳು ಅಂದರೆ ಒಮ್ಮೆ ಕಟ್ಟಿದ ಮನೆ ಅಂದುಕೊಂಡಿದ್ದೆ. ಅದು ಕೆಲವೇ ದಿನದಲ್ಲಿ ಚಿಗುರಿ, ಒಂದೇ ದಿನದಲ್ಲಿ ಉದುರುತ್ತದಂತೆ.

ಪ್ರೊಜೆಸ್ಟರೋನ್ ಇದಕ್ಕೆ ಎದುರು. ಮೈಯಲ್ಲಿ ಅದು ಅಲೋಪ್ರೆಗ್ನನೊಲೋನ್ ಅನ್ನುವ ವಸ್ತುವಾಗಿ ಬದಲಾಗಿ ಗಾಬಾ ಕೆಲಸಕ್ಕೆ ಬಲ ಕೊಡುತ್ತದೆ. ಅದು ಬ್ರೇಕ್. ಮುಟ್ಟು ಬರುವ ಮುಂಚೆ ಪ್ರೊಜೆಸ್ಟರೋನ್ ದಿಢೀರನೆ ಇಳಿಯುತ್ತದೆ. ಬ್ರೇಕ್ ಬಿಟ್ಟುಹೋಗುತ್ತದೆ. ನನ್ನ ಐದು ಚುಕ್ಕೆ ಬಿದ್ದಿದ್ದು ಅಲ್ಲೇ. ಕೆಲವರಿಗೆ ತಿಂಗಳ ನಡುವೆ, ಅಂಡ ಬಿಡುವ ಹೊತ್ತಿಗೆ ಬರುತ್ತದೆ. ಆಗ ಈಸ್ಟ್ರೋಜನ್ ಮೇಲೇರಿರುತ್ತದೆ, ಪ್ರೊಜೆಸ್ಟರೋನ್ ಇನ್ನೂ ಬಂದಿರುವುದಿಲ್ಲ. ಇನ್ನು ಕೆಲವರಿಗೆ ಅಂಡವೇ ಸರಿಯಾಗಿ ಬಿಡದೆ, ತಿಂಗಳ ಎರಡನೇ ಅರ್ಧ ಪೂರ್ತಿ ಕಾಟ. ಈ ಮೂರು ಬಗೆಯನ್ನು ಆಂಡ್ರೂ ಹರ್ಜೋಗ್ ಅನ್ನುವ ಡಾಕ್ಟರ್ ಮತ್ತು ಅವರ ತಂಡ 1997ರಲ್ಲಿ ಬಿಡಿಸಿ ಬರೆದರು. ನಮ್ಮ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದ ವರ್ಷ ಅದು, ಹಾಗಾಗಿ ನನಗೆ ಮರೆಯುವುದಿಲ್ಲ. ಫಿಟ್ಸ್ ಇರುವ ಹೆಂಗಸರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಹೀಗೆ ತಿಂಗಳ ಲೆಕ್ಕ ಇರುತ್ತದಂತೆ. ಮೂರರಲ್ಲಿ ಒಬ್ಬರು! ಅಷ್ಟು ಜನರಿದ್ದೂ ನನಗೆ ಸಂಬಂಧ ಇಲ್ಲ ಅಂದರಲ್ಲ ಅಂತ ಈಗಲೂ ನೋವಾಗುತ್ತದೆ.

ಒಂದು ಮಾತು ಮೇಡಂ ಒತ್ತಿ ಹೇಳಿದರು. ಈಸ್ಟ್ರೋಜನ್ ಅಂದರೆ ಕೆಟ್ಟದ್ದು ಅಂತ ತಿಳಿಯಬೇಡಿ. ಅದೇ ಎನ್‌ಎಂಡಿಎ ಬಾಗಿಲು ಕಲಿಯುವುದಕ್ಕೆ, ನೆನಪಿಡುವುದಕ್ಕೆ ಬೇಕು. ಹಾರ್ಮೋನ್ ಎಷ್ಟಿದೆ, ಮಿದುಳಿನ ಯಾವ ಭಾಗ, ಎಷ್ಟು ದಿನದಿಂದ, ಇದೆಲ್ಲದರ ಮೇಲೆ ಅದರ ಕೆಲಸ ಬದಲಾಗುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಹೆಂಗಸರಲ್ಲಿ ಹಾಗೇ ನಡೆಯುತ್ತದೆ ಅನ್ನಲೂ ಬರುವುದಿಲ್ಲ. ಇಷ್ಟು ನೇರವಾಗಿ ಹೇಳುವ ಡಾಕ್ಟರ್ ನನಗೆ ಮೊದಲು ಸಿಕ್ಕಿರಲಿಲ್ಲ.

ಮಗಳು ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಳು. ಟೇಸ್ಟಿಂಗ್ ಪೌಡರ್ ಪಾಕೆಟ್ ಮೇಲೆ ಮೋನೋಸೋಡಿಯಂ ಗ್ಲುಟಮೇಟ್ ಅಂತಲೇ ಇರುತ್ತದೆ, ಅದನ್ನು ತಿಂದರೆ ಫಿಟ್ಸ್ ಬರುತ್ತದಾ? ಅತ್ತೆ ಅಂತೂ ಇದನ್ನು ಕೇಳಿದಾಗಿನಿಂದ ಗೋಬಿ ಅಂಗಡಿ ಕಡೆ ನೋಡಲೂ ಬಿಡುತ್ತಿರಲಿಲ್ಲ. ತಿಂದ ಗ್ಲುಟಮೇಟ್‌ನ ಬಹುಪಾಲು ಕರುಳೇ ಖರ್ಚು ಮಾಡಿಬಿಡುತ್ತದೆ, ರಕ್ತಕ್ಕೆ ಸೇರಿದ ಅಷ್ಟಿಷ್ಟೂ ಮಿದುಳಿನ ತಡೆ ದಾಟಿ ಸುಲಭಕ್ಕೆ ಒಳಗೆ ಹೋಗುವುದಿಲ್ಲ, ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ ಅಂದರು ಮೇಡಂ. ಟೊಮೆಟೊದಲ್ಲೂ ಅದು ಇದೆಯಂತೆ. ಆ ರುಚಿಯನ್ನು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಸಮುದ್ರದ ಪಾಚಿಯ ಸಾರಿನಲ್ಲಿ ಗುರುತಿಸಿದ್ದು. ಅತ್ತೆಗೆ ಇಕೆಡಾ ಬೇಕಾಗಲಿಲ್ಲ, ಟೊಮೆಟೊ ಸಾಕಾಯಿತು. ಈಗ ಭಾನುವಾರ ಸಂಜೆ ಮಂಡಕ್ಕಿ ಮೆಣಸಿನಕಾಯಿ ಜೊತೆ ಗೋಬಿಯೂ ಬರುತ್ತದೆ.

ಇನ್ನೊಂದು ವಿಷಯ ಹೆಂಗಸರು ಗಮನವಿಟ್ಟು ಓದಬೇಕು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಿಂದಿನ ಜಾತ್ರೆಗೆ ಮುಟ್ಟು ಮುಂದೂಡುವ ಮಾತ್ರೆ ಮೆಡಿಕಲ್‌ನಿಂದ ಸುಮ್ನೆ ಕೇಳಿ ತಂದು ನುಂಗಿದ್ದೆ. ನಮ್ಮ ಓಣಿಯಲ್ಲಿ ಅರ್ಧ ಹೆಂಗಸರು ಹಾಗೇ ಮಾಡುತ್ತೇವೆ. ಹೋಳಿಗೆ ಎಲ್ಲ ಮುಗಿಸಿ ಮಾತ್ರೆ ನಿಲ್ಲಿಸಿದೆ. ಮೂರನೇ ದಿನ ಮುಟ್ಟಾಯಿತು, ಅದೇ ದಿನ ಎರಡು ಸಲ ಫಿಟ್ಸ್. ದೇವಿಗೆ ಏನೋ ತಪ್ಪಾಯಿತು ಅಂತ ತಿಂಗಳುಗಟ್ಟಲೆ ಕೊರಗಿದೆ. ಅದೂ ಒಂದು ಹಾರ್ಮೋನ್ ಮಾತ್ರೆಯೇ, ನಿಲ್ಲಿಸಿದಾಗ ಹಾರ್ಮೋನ್ ಇಳಿಯುತ್ತದೆ, ಮುಂದೆ ನನ್ನನ್ನು ಕೇಳದೆ ತಗೋಬೇಡಿ ಅಂದರು ಮೇಡಂ. ಸಂತಾನ ತಡೆಯುವ ಮಾತ್ರೆಗೂ ಅದೇ ಮಾತು. ಈಸ್ಟ್ರೋಜನ್ ಇರುವ ಮಾತ್ರೆ ತಗೊಂಡರೆ ಲಾಮೋಟ್ರಿಜಿನ್ ಅನ್ನುವ ಫಿಟ್ಸ್ ಔಷಧ ರಕ್ತದಲ್ಲಿ ಬಹಳ ಇಳಿದುಹೋಗುತ್ತದೆ. ಇನ್ನು ಕೆಲವು ಫಿಟ್ಸ್ ಮಾತ್ರೆಗಳಿಂದ ಸಂತಾನ ತಡೆಯ ಮಾತ್ರೆಯೇ ಕೆಲಸ ಮಾಡದೆ ಹೋಗಬಹುದು. ಯಾವ ಡಾಕ್ಟರ್ ಹತ್ತಿರ ಹೋದರೂ ಎರಡನ್ನೂ ಹೇಳಿಬಿಡಿ, ನಾಚಿಕೆ ಬೇಡ.

ಚಿಕಿತ್ಸೆ ಅಂತ ನನಗೆ ಕೊಟ್ಟಿದ್ದು ಇಷ್ಟು. ದಿನದ ಮಾತ್ರೆ ಹಾಗೇ ಮುಂದುವರಿಯಿತು. ಮುಟ್ಟಿನ ಸುತ್ತಮುತ್ತಲ ಕೆಲವು ದಿನಕ್ಕೆ ಮಾತ್ರ ಇನ್ನೊಂದು ಮಾತ್ರೆ ಸೇರಿಸಿದರು. ಅದರ ಹೆಸರು, ಪ್ರಮಾಣ ಬರೆಯುವುದಿಲ್ಲ. ನೋಡಿ ತಗೊಂಡುಬಿಡುತ್ತೀರಿ ಅನ್ನುವ ಭಯ ನನಗೆ. ಪ್ರೊಜೆಸ್ಟರೋನ್ ಇಳಿಯುವುದೇ ಕಾರಣವಾದರೆ ಅದನ್ನೇ ಕೊಡಬಹುದಲ್ಲ ಅಂತ ಕೇಳಿದೆ. ಅದನ್ನೂ ಪರೀಕ್ಷೆ ಮಾಡಿದ್ದಾರೆ, 2012ರಲ್ಲಿ ಹರ್ಜೋಗ್ ತಂಡವೇ 294 ಹೆಂಗಸರಲ್ಲಿ. ಒಟ್ಟು ಲೆಕ್ಕದಲ್ಲಿ ಸಕ್ಕರೆ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮುಟ್ಟಿನ ಸುತ್ತ ತುಂಬಾ ಜಾಸ್ತಿ ಫಿಟ್ಸ್ ಬರುವವರಿಗೆ ಮಾತ್ರ ಗುಣ ಕಂಡಿತು. ನನಗೆ ಈ ದಾರಿ ಸಾಲದಿದ್ದರೆ ಮುಂದೆ ಯೋಚಿಸೋಣ ಅಂದರು.

ಎಂಟು ತಿಂಗಳಾಯಿತು. ಮೊದಲು ತಿಂಗಳಿಗೆ ಎರಡು ಮೂರು ಬರುತ್ತಿತ್ತು. ಈ ಎಂಟು ತಿಂಗಳಲ್ಲಿ ಒಟ್ಟು ನಾಲ್ಕು ಚುಕ್ಕೆ. ಅದರಲ್ಲಿ ಒಂದು, ತಂಗಿ ಮಗಳ ಮದುವೆ ಬಟ್ಟೆಗೆ ರಾತ್ರಿಯಿಡೀ ಕೂತು ಹೊಲಿದ ಮರುದಿನದ್ದು. ಆ ಹೊಸ ಮಾತ್ರೆ ತಗೊಂಡ ದಿನ ಸ್ವಲ್ಪ ತೂಕಡಿಕೆ ಇರುತ್ತದೆ, ಆ ದಿನಗಳಲ್ಲಿ ಕತ್ತರಿ ಕೆಲಸ ಇಟ್ಟುಕೊಳ್ಳುವುದಿಲ್ಲ. ಸ್ಕೂಟಿ ಇನ್ನೂ ಮುಟ್ಟಿಲ್ಲ, ಆಟೋದಲ್ಲೇ ಓಡಾಟ.

ಕ್ಲಿನಿಕ್‌ನಲ್ಲಿ ನಾಲ್ಕು ಪುಟದ ಒಂದು ಕನ್ನಡ ಹಾಳೆ ಕೊಡುತ್ತಾರೆ, ಬಿಟ್ಟಿ. ಅದರ ಬಗ್ಗೆ ಒಂದು ಒಳ್ಳೆಯದು, ಒಂದು ತಕರಾರು. ಒಳ್ಳೆಯದು ಏನೆಂದರೆ ಹಳೆಯ ಸಂಗತಿಗಳೂ ಇವೆ. 1857ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆ ಡಾಕ್ಟರ್ ಚಾರ್ಲ್ಸ್ ಲೊಕಾಕ್, ಮುಟ್ಟಿನ ಹೊತ್ತಿಗೆ ಫಿಟ್ಸ್ ಬರುವ ಹೆಂಗಸರಿಗೆ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಗುಣ ಕಂಡರು. ಫಿಟ್ಸ್‌ಗೆ ನಿಜವಾಗಿ ಹತ್ತಿದ ಮೊದಲ ಮದ್ದು ಅದು. 1959ರಲ್ಲಿ ಫಿಟ್ಸ್ ಇರುವ 16 ಹೆಂಗಸರಿಗೆ ರಕ್ತನಾಳಕ್ಕೆ ಈಸ್ಟ್ರೋಜನ್ ಕೊಟ್ಟು ನೋಡಿದಾಗ 11 ಜನರ ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ಕರೆಂಟ್ ನೋಡುವ ಪರೀಕ್ಷೆ, ಕೆಟ್ಟಿತು. ಅಂದರೆ ಸುಳಿವು ಸಿಕ್ಕಿ ಎಷ್ಟೋ ಕಾಲವಾಗಿದೆ. ಕೊನೆಯ ಪುಟದಲ್ಲಿ ಮದುವೆ ವಿಷಯವಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಫಿಟ್ಸ್ ಇರುವವರ ಮದುವೆಗೆ ಇದ್ದ ಅಡ್ಡಿಯನ್ನು 1999ರಲ್ಲೇ ತೆಗೆದಿದ್ದಾರೆ. ನನ್ನ ಪಕ್ಕ ಕೂತಿದ್ದ ಹೊನ್ನಾಳಿಯ ಒಬ್ಬ ತಾಯಿ ಆ ಸಾಲನ್ನು ಮಗಳಿಗೆ ಎರಡು ಸಲ ಓದಿ ಹೇಳಿದರು.

ತಕರಾರು ಏನೆಂದರೆ ಅಕ್ಷರ ಬಹಳ ಸಣ್ಣದು, ಜೆರಾಕ್ಸ್ ಮಾಡಿ ಮಾಡಿ ಮಸುಕಾಗಿದೆ. ಮೇಡಂ ಬಾಯಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಾರೋ ಹಾಳೆಯಲ್ಲಿ ಅಷ್ಟು ಕಷ್ಟ. "ಉದ್ದೀಪಕ ನರವಾಹಕ" ಅಂತ ಬರೆದಿದ್ದಾರೆ. ಅದು ಗ್ಲುಟಮೇಟ್ ಅಂತ ತಿಳಿಯಲು ನನಗೆ ಮಗಳು ಬೇಕಾಯಿತು. ಮೂರನೇ ಭೇಟಿಯಲ್ಲಿ ಇದನ್ನು ಹೇಳಿದೆ. ಪೆನ್ ಕೊಟ್ಟು "ಎಲ್ಲೆಲ್ಲಿ ಅರ್ಥ ಆಗಲ್ಲ ಅಲ್ಲೆಲ್ಲ ಗೆರೆ ಹಾಕಿ ಕೊಡಿ" ಅಂದರು. ಹನ್ನೊಂದು ಕಡೆ ಹಾಕಿ ಕೊಟ್ಟಿದ್ದೇನೆ.

ಹೋಗುವವರಿಗೆ ಕೆಲವು ಮಾತು. ಎಂಟೂವರೆಗೇ ಹೋಗಿ. ಫಿಟ್ಸ್ ಬಂದದ್ದನ್ನು ಕಣ್ಣಾರೆ ನೋಡಿದವರನ್ನು ಕರೆದುಕೊಂಡು ಹೋಗಿ, ನಮಗೆ ನಮ್ಮದು ಗೊತ್ತಿರುವುದಿಲ್ಲ. ಫೋನಲ್ಲಿ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಇಇಜಿ ಇದ್ದರೆ ಹಿಂದಿನ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚಬೇಡಿ. ಆ ಪೇಸ್ಟ್ ಕೂದಲಿಂದ ಹೋಗಲು ನನಗೆ ಮೂರು ಸಲ ಸೀಗೆಪುಡಿ ಬೇಕಾಯಿತು. ಕೌಂಟರ್‌ನಲ್ಲಿ ಮುಟ್ಟಿನ ವಿಷಯ ಜೋರಾಗಿ ಕೇಳುವುದಿಲ್ಲ, ಹೆದರಬೇಡಿ, ಒಳಗೇ ಕೇಳುತ್ತಾರೆ. ಮೆಡಿಕಲ್‌ನಲ್ಲಿ ನಿಮ್ಮ ಕಂಪನಿ ಮಾತ್ರೆ ಇಲ್ಲ, ಬೇರೆ ಕಂಪನಿಯದು ತಗೊಳ್ಳಿ ಅಂದರೆ ತಗೊಳ್ಳುವ ಮುಂಚೆ ಒಮ್ಮೆ ಮೆಟ್ಟಿಲು ಹತ್ತಿ ಮೇಡಂ ಅವರನ್ನು ಕೇಳಿ. ಕಂಬಿ ಎಡಗಡೆ ಇದೆ, ಹಿಡಿದುಕೊಂಡೇ ಹತ್ತಿ.